ಭಾವೀ ಭಾವನ ಮೂರು ತಿಂಗಳ ಸಂಬಳ

ನಮ್ಮ ಮನೆಯಲ್ಲಿ ನನ್ನ ಮೇಲೆ ಇದ್ದ ದೂರು ಒಂದೇ, ಇವನು ಬಾಯಿ ಬಿಡುವುದಿಲ್ಲ ಅನ್ನುವುದು. ನೆಂಟರು ಹಾಲ್‌ಗೆ ಬಂದರೆ ನಾನು ಅಡುಗೆಮನೆಗೆ ಹೋಗುತ್ತೇನೆ, ಅವರು ಅಡುಗೆಮನೆಗೂ ಬಂದರೆ ಟೆರೇಸಿಗೆ. ಹದಿನೆಂಟು ವರ್ಷ ಹೀಗೆ ನೆಮ್ಮದಿಯಾಗಿ ಕಳೆದ ಮೇಲೆ, ಕಳೆದ ಏಪ್ರಿಲ್‌ನಲ್ಲಿ ಯಾರೂ ಕೇಳದೆ ನಾನಾಗಿಯೇ ಒಂದು ವಾಕ್ಯ ಆಡಿದೆ. ಅಕ್ಕನ ಮದುವೆ ನಿಂತುಹೋಯಿತು. (ಪೂರ್ತಿ ನಿಲ್ಲಲಿಲ್ಲ. ಒಂದು ವಾರ ನಿಂತಿತ್ತು. ಸರಿಯಾಗಿ ಹೇಳಬೇಕಲ್ಲ.)

ನಡೆದದ್ದು ಇಷ್ಟು. ಬ್ರೋಕರ್ ತಮ್ಮಣ್ಣನವರು ನನ್ನ ಅಕ್ಕ ಧನ್ಯಶ್ರೀಗೆ ನಂದಿನಿ ಲೇಔಟಿನ ಒಂದು ಸಂಬಂಧ ತಂದರು. ಹುಡುಗನ ಹೆಸರು ಅರುಣ, ಕೆಲಸ ವಿಮಾನದ ಪೈಲಟ್. ಪೈಲಟ್ ಎಂಬ ಪದ ಕಿವಿಗೆ ಬಿದ್ದ ಅರ್ಧ ಗಂಟೆಯಲ್ಲಿ ನಮ್ಮಮ್ಮ ಯಶೋದಮ್ಮನವರು ಅದನ್ನು ಗೋವಿಂದರಾಜನಗರದ ಮೂರು ಕ್ರಾಸುಗಳಿಗೆ ಮುಟ್ಟಿಸಿದರು. ಹೂವು ಕಟ್ಟುವವರು ಆವತ್ತು ಒಂದು ಗೇಣು ಜಾಸ್ತಿ ಹೂವು ಕೊಟ್ಟರಂತೆ.

ಮಾರ್ಚ್ ಕೊನೆಯ ಭಾನುವಾರ ಹುಡುಗ, ಅವರಪ್ಪ, ಅವರಮ್ಮ ಅಣ್ಣಮ್ಮನವರು ಬಂದು ಕೇಸರಿಬಾತು ತಿಂದು ಹೋದರು. ಅಕ್ಕನಿಗೆ ಒಪ್ಪಿಗೆಯಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಉಂಡ ತಟ್ಟೆಯನ್ನೂ ಎತ್ತದ ಅಕ್ಕ, ಅರುಣ ಕಾಫಿ ಕುಡಿದ ಲೋಟವನ್ನು ತಾನೇ ತೊಳೆದು, ಒರೆಸಿ, ಶೋಕೇಸಿನಲ್ಲಿ ಬೇರೆಯಾಗಿ ಇಟ್ಟಳು.

ನಮ್ಮಪ್ಪ ಹನುಮಂತಯ್ಯನವರು ಸಿಟಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರಿಗೆ ಜಾತಕ ಕೂಡಿದರೆ ಸಾಲದು, ಸಂಬಳದ ಚೀಟಿಯೂ ಕೂಡಬೇಕು. ಮೂರು ತಿಂಗಳ ಚೀಟಿ ಬೇಕೆಂದರು. ಅರುಣ ಬೇಸರವಿಲ್ಲದೆ ಕಳಿಸಿದರು. ಅಪ್ಪನದು ಬಟನ್ ಫೋನ್ ಆದ್ದರಿಂದ ಚೀಟಿಗಳು ನನ್ನ ಫೋನಿಗೆ ಬಂದವು.

ಅಪ್ಪ ಹೇಳಿದ್ದು, ಕೊನೆಯ ಸಾಲು ಮಾತ್ರ ಓದು ಅಂತ. ಆದರೆ ಮೇಲಿನ ಸಾಲುಗಳನ್ನು ನೋಡದೆ ಕೊನೆಯ ಸಾಲನ್ನು ನಂಬುವುದು ಹೇಗೆ? ನಾನು ಮೂರೂ ಚೀಟಿಯನ್ನು ಎರಡೆರಡು ಸಲ ಓದಿದೆ. ಕೂಡಿದೆ, ಕಳೆದೆ. ಆಮೇಲೆ ಆ ವಾಕ್ಯ ಆಡಿದೆ.

"ಅಪ್ಪಾ, ಜನವರಿಗಿಂತ ಮಾರ್ಚ್‌ನಲ್ಲಿ ಅರವತ್ತಮೂರು ಸಾವಿರದ ಎಂಟುನೂರ ಎಪ್ಪತ್ತೊಂದು ರೂಪಾಯಿ ಕಮ್ಮಿ ಬಂದಿದೆ."

ಅಪ್ಪ ಕನ್ನಡಕ ತೆಗೆದು ಅಮ್ಮನ ಕಡೆ ತಿರುಗಿದರು. ಕನ್ನಡಕ ಹಾಕಿಕೊಂಡರೆ ಅಪ್ಪ ಓದುತ್ತಾರೆ, ತೆಗೆದರೆ ತೀರ್ಪು ಕೊಡುತ್ತಾರೆ.

"ಸಂಬಳ ಕಮ್ಮಿ ಬರೋದು ಎರಡೇ ಕಾರಣಕ್ಕೆ ಕಣೇ. ಒಂದು ಗೈರುಹಾಜರಿ, ಇಲ್ಲ ಸಸ್ಪೆಂಡು."

"ವಿಮಾನ ಓಡ್ಸೋರನ್ನ ಯಾಕ್ರೀ ಸಸ್ಪೆಂಡ್ ಮಾಡ್ತಾರೆ?" ಅಂದರು ಅಮ್ಮ.

"ಚೆಕಿಂಗ್‌ನೋರು ಹತ್ತಿರ್ತಾರೆ. ಟಿಕೆಟ್ ಇಲ್ದೋರು ಸಿಕ್ಕಿರ್ತಾರೆ."

"ಅದಕ್ಕೆ ಅವನೇನ್ ಮಾಡ್ತಾನೆ? ಅವನು ಮುಂದೆ ಕೂತಿರ್ತಾನೆ."

"ಮುಂದೆ ಕೂತಿದ್ರೂ ಜವಾಬ್ದಾರಿ ಇರತ್ತೆ. ನನಗೆ ಹೇಳ್ಕೊಡ್ಬೇಡ."

ಹುಡುಗನಿಗೆ ಪೈಲಟ್ ಕೆಲಸ ಇರಬಹುದು, ಆದರೆ ಕೆಲಸದಲ್ಲಿ ಹುಡುಗ ಇಲ್ಲ ಎಂದು ಅಪ್ಪ ತೀರ್ಮಾನಿಸಿದರು. ಮುಂದಿನ ಭಾನುವಾರದೊಳಗೆ ಸಮಾಧಾನವಾಗದಿದ್ದರೆ ಬೇಡ ಅಂತ ಹೇಳಿಬಿಡುವುದು ಎಂದೂ ಹೇಳಿದರು.

ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕೂತಾಗ, ಆ ಆಡಿಟರಿಗೆ ಸಾರು ಬೇಕಾ ಕೇಳಮ್ಮ ಅನ್ನುತ್ತಿದ್ದಳು. ವಿಜಯನಗರದ ಒಂದು ಲ್ಯಾಬಿನಲ್ಲಿ ಅವಳು ಟೆಕ್ನಿಷಿಯನ್. ಜನರ ರಕ್ತ ತೆಗೆದು ಅಭ್ಯಾಸವಿರುವವಳು. ನಾನು ಹುಷಾರಾಗಿಯೇ ಓಡಾಡುತ್ತಿದ್ದೆ. ಮೂರನೇ ದಿನ ನನ್ನ ಮುಂದೆ ಬಂದು ನಿಂತು, ಕೆಡಿಸಿದೋನು ನೀನು, ಸರಿ ಮಾಡೋನೂ ನೀನೇ ಅಂದಳು. ದನಿ ಗಟ್ಟಿ ಇತ್ತು, ಕಣ್ಣು ಮಾತ್ರ ಕೆಂಪಗಿತ್ತು. ಅದನ್ನು ನೋಡಿದ ಮೇಲೆ ನಾನು ನಿದ್ದೆ ಮಾಡಲಿಲ್ಲ.

ಹೀಗೆ ನನ್ನ ವೈಮಾನಿಕ ವೇತನ ಮಹಾಸಂಶೋಧನೆ ಆರಂಭವಾಯಿತು. ಇನ್ನೂರು ಪುಟದ ನೋಟ್‌ಬುಕ್ ತಂದೆ. ಸ್ಕೇಲ್ ಇಟ್ಟು ಮಾರ್ಜಿನ್ ಎಳೆದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಕ್ಕಿದ್ದೆಲ್ಲ ಅಮೆರಿಕದ ಪೈಲಟ್‌ಗಳ ಲೆಕ್ಕ. ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಅರುಣ ಭಿಕ್ಷುಕರ ಹಾಗೆ ಕಾಣಿಸುತ್ತಿದ್ದರು. ಆ ಪುಟ ಹೊಡೆದುಹಾಕಿದೆ.

ಉಳಿದ ದಾರಿ ಒಂದೇ, ಅವರನ್ನೇ ಕೇಳುವುದು. ಫೋನ್ ಮಾಡಿ ಮಾತಾಡುವುದಂತೂ ನನ್ನಿಂದ ಆಗದ ಮಾತು. ಆದ್ದರಿಂದ ಮೆಸೇಜ್ ಬರೆದೆ. ನಾಲ್ಕು ಸಲ ಅಳಿಸಿ ಐದನೇ ಸಲ ಕಳಿಸಿದೆ. "ಮಾನ್ಯರೇ" ಎಂದು ಶುರುಮಾಡಿ ಹನ್ನೊಂದು ಪ್ರಶ್ನೆ ಹಾಕಿದ್ದೆ. ಏಳನೆಯದು, "ತಾವು ಎಂದಾದರೂ ಅಮಾನತಿನಲ್ಲಿ ಇದ್ದಿರಾ? (ತಪ್ಪು ತಿಳಿಯಬೇಡಿ.)"

ಹತ್ತು ನಿಮಿಷಕ್ಕೆ ಉತ್ತರ ಬಂತು. ನಾಳೆ ಹನ್ನೊಂದು ಗಂಟೆಗೆ ವಿಜಯನಗರ ಮೆಟ್ರೋ ಹತ್ತಿರದ ಹೋಟೆಲಿಗೆ ಬಾ ಸೀನ, ತಿಂಡಿ ತಿಂತಾ ಹೇಳ್ತೀನಿ ಅಂತ.

ನಾನು ಹತ್ತೂಕಾಲಿಗೇ ಹೋಗಿ ನಿಂತಿದ್ದೆ. ಅರುಣ ಬಂದು ಇಡ್ಲಿ, ವಡೆ, ಕಾಫಿ ತಂದು, ನಿಂತು ತಿನ್ನುವ ಟೇಬಲ್ಲಿನ ಮೇಲೆ ಪಾಠ ಶುರುಮಾಡಿದರು. ಕಾಫಿ ಲೋಟ ವಿಮಾನ. ವಡೆಯನ್ನು ಎರಡು ತುಂಡು ಮಾಡಿ ಲೋಟದ ಹಿಂದೊಂದು ಮುಂದೊಂದು ಇಟ್ಟರು. ನಿಂತ ವಿಮಾನದ ಚಕ್ರಕ್ಕೆ ಹೀಗೆ ಅಡ್ಡ ಕೊಟ್ಟಿರುತ್ತಾರಂತೆ. ಅಡ್ಡ ತೆಗೆದು ವಿಮಾನ ಕದಲಿದಾಗ ಸಂಬಳದ ಗಡಿಯಾರ ಶುರು. ಇನ್ನೊಂದು ಊರಿಗೆ ಹೋಗಿ ನಿಂತು ಮತ್ತೆ ಅಡ್ಡ ಕೊಟ್ಟಾಗ ಗಡಿಯಾರ ಬಂದ್.

"ಒಳಗೆ ಎಲ್ಲಾರೂ ಕೂತಿದ್ದು, ವಿಮಾನ ಒಂದು ಗಂಟೆ ತಡ ಆದ್ರೆ?" ಎಂದು ಬರೆದು ತಂದಿದ್ದನ್ನು ಓದಿದೆ.

"ಕದಲಿಲ್ಲ ಅಂದ್ರೆ ಗಡಿಯಾರ ಇಲ್ಲ."

"ನಂದಿನಿ ಲೇಔಟಿಂದ ಏರ್‌ಪೋರ್ಟಿಗೆ ಹೋಗೋ ಹೊತ್ತು?"

"ಅದು ದೇವರ ಲೆಕ್ಕಕ್ಕೆ."

ಹಾಗಂತ ಹಾರದ ತಿಂಗಳು ಉಪವಾಸವೇನಿಲ್ಲ. ಅವರ ಕಂಪನಿಯಲ್ಲಿ ತಿಂಗಳಿಗೆ ಅರವತ್ತು ಗಂಟೆ ಗ್ಯಾರಂಟಿ. ಹಾರಿದರೂ ಹಾರದಿದ್ದರೂ ಅಷ್ಟು ಗಂಟೆಯ ದುಡ್ಡು, ಒಂದೂವರೆ ಲಕ್ಷ, ಬಂದೇ ಬರುತ್ತದೆ. ಅರವತ್ತು ದಾಟಿದರೆ ಗಂಟೆಗೆ ಎರಡೂವರೆ ಸಾವಿರ ಮೇಲೆ. ಜನವರಿಯಲ್ಲಿ ಎಪ್ಪತ್ತೆರಡು ಗಂಟೆ ಹಾರಿದ್ದರಿಂದ ಮೂವತ್ತು ಸಾವಿರ ಜಾಸ್ತಿ ಬಂದಿತ್ತು. ನಾನು ಅಲ್ಲೇ ಗುಣಿಸಿ ನೋಡಿದೆ. ತಾಳೆಯಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಮುಂದಿನ ಅಡ್ಡವನ್ನು ತೆಗೆದು ತಿಂದುಬಿಟ್ಟೆ.

"ಮಾರ್ಚ್?" ಅಂದೆ.

ಅರುಣ ಲೋಟ ಎತ್ತಿ ವಿಮಾನವನ್ನೇ ಕುಡಿದು ಕೆಳಗಿಟ್ಟರು. ಆಮೇಲೆ ಆಚೀಚೆ ನೋಡಿ ಹೇಳಿದರು. ಅವರಮ್ಮ ಅಣ್ಣಮ್ಮನವರಿಗೆ ಯಾವ ಕೆಲಸವೂ ಎಳೆದಾಡಬಾರದು. ಮದುವೆ ವಿಷಯ ಒಂದೇ ಏಟಿಗೆ ಮುಗಿಸೋಣ ಅಂದರಂತೆ. ಇವರ ಬಳಿ ಇದ್ದ ರಜೆಯೆಲ್ಲ ಆಗಲೇ ಮುಗಿದಿತ್ತು. ಸಂಬಳವಿಲ್ಲದ ರಜೆ ಏಳು ದಿನ ಹಾಕಿ, ದಿನಕ್ಕೊಂದು ಮನೆಯಂತೆ ಏಳು ಹುಡುಗಿಯರನ್ನು ನೋಡಿ ಬಂದರಂತೆ. ಅರವತ್ತು ಗಂಟೆ ದಾಟದ್ದರಿಂದ ಜನವರಿಯ ಆ ಮೂವತ್ತು ಸಾವಿರವೂ ಇಲ್ಲ, ಏಳು ದಿನದ ಸಂಬಳವೂ ಇಲ್ಲ. ನಾನು ಬರೆದುಕೊಂಡೆ.

"ಅದನ್ನೂ ಬರ್ಕೋಬೇಕಾ?" ಅಂದರು.

ಕಡಿತಕ್ಕೆ ಕಾರಣ ಬರೆಯದಿದ್ದರೆ ಲೆಕ್ಕ ಮುಗಿಯುವುದಿಲ್ಲ ಅಂದೆ. ಮನೆಯಲ್ಲಿ ಅದೊಂದನ್ನು ಸ್ವಲ್ಪ ಹುಷಾರಾಗಿ ಹೇಳು ಮಾರಾಯ ಅಂದರು. ಖಂಡಿತ ಅಂದೆ. (ನನ್ನ ಪ್ರಕಾರ ಹುಷಾರು ಅಂದರೆ ಪೈಸೆಯನ್ನೂ ಬಿಡದೆ ಹೇಳುವುದು. ಅವರ ಪ್ರಕಾರ ಬೇರೆ ಏನೋ ಇತ್ತು ಅಂತ ಆಮೇಲೆ ತಿಳಿಯಿತು.)

ಭಾನುವಾರ ಬೆಳಿಗ್ಗೆ ಅಪ್ಪ, ಅಮ್ಮ, ಅಕ್ಕ ಹಾಲ್‌ನಲ್ಲಿ ಕೂತರು. ನಾನು ನಿಂತು ನೋಟ್‌ಬುಕ್ ಓದಿದೆ. ಮೂವರು ಒಟ್ಟಿಗೆ ನನ್ನನ್ನೇ ನೋಡುತ್ತಿದ್ದದ್ದು ಅದೇ ಮೊದಲು. ಚಕ್ರ ಕದಲಿದ ಹೊತ್ತಿಗೆ ಮಾತ್ರ ಸಂಬಳ ಎಂಬಲ್ಲಿಗೆ ಬಂದಾಗ ಅಪ್ಪ ತೊಡೆ ತಟ್ಟಿದರು.

"ಸ್ಟೀರಿಂಗ್ ಅವರ್ ಕಣೋ ಅದು. ನಮ್ಮ ಡ್ರೈವರ್‌ಗಳಿಗೂ ಡಿಪೋದಲ್ಲಿ ಇದೇ ಲೆಕ್ಕ ಇಡ್ತಿದ್ರು. ಮೊದ್ಲೇ ಹೀಗೆ ಹೇಳ್ಬಾರ್ದಾ?"

ಅಮ್ಮ ದೇವರಮನೆಯ ಕಡೆ ತಿರುಗಿ ಕೈಮುಗಿದರು. ಅಕ್ಕನ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣನಾಗುತ್ತಿದ್ದೆ. ಆದರೆ ಇನ್ನೂ ಒಂದು ಪುಟ ಇತ್ತಲ್ಲ.

"ಮಾರ್ಚ್. ಸಂಬಳವಿಲ್ಲದ ರಜೆ, ಏಳು ದಿನ. ಕಾರಣ, ಹೆಣ್ಣು ನೋಡುವುದು. ಹೆಣ್ಣುಗಳ ಸಂಖ್ಯೆ, ಏಳು. ತಲಾ ಕಡಿತ, ನಾಲ್ಕು ಸಾವಿರದ ಎಂಟುನೂರ ಮೂವತ್ತೆಂಟು ರೂಪಾಯಿ ಎಪ್ಪತ್ತೊಂದು ಪೈಸೆ."

ಅಮ್ಮ ಮುಗಿದ ಕೈ ಇಳಿಸಿದರು. ಅಪ್ಪನಿಗೆ ಮಾತ್ರ ಪರಮಾನಂದ. ಗೈರುಹಾಜರಿ ಅಲ್ಲ, ಮಂಜೂರಾದ ರಜೆ. ಅಕ್ಕ ಮೆಲ್ಲಗೆ ಕೇಳಿದಳು.

"ನನ್ನ ನೋಡೋಕೆ ಬಂದ ದಿನ ಎಷ್ಟು ಕಟ್ ಆಗಿದೆ?"

ನಾನು ತಾರೀಕು ಹುಡುಕಿದೆ. "ಅದು ಅವರ ವಾರದ ರಜೆ ಅಕ್ಕ. ಸೊನ್ನೆ."

"ಸೊನ್ನೆ."

"ಸೊನ್ನೆ ರೂಪಾಯಿ ಸೊನ್ನೆ ಪೈಸೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಖರ್ಚಿಲ್ಲದೆ ಬಂದಿದಾನೆ, ಉಳಿತಾಯ ಗೊತ್ತಿರೋ ಹುಡುಗ ಅಂತ ಅಪ್ಪ ಮೆಚ್ಚಿಕೊಳ್ಳುತ್ತಿರುವಾಗಲೇ ಅಕ್ಕ ನನ್ನ ಕೈಯಿಂದ ನೋಟ್‌ಬುಕ್ ಕಿತ್ತುಕೊಂಡು, ಅರುಣನಿಗೆ ಫೋನ್ ಮಾಡುತ್ತ ಟೆರೇಸಿಗೆ ಹೋದಳು. ಆ ಏಳು ಜನಕ್ಕೆ ರಜೆ ಹಾಕಿ, ನನಗೆ ಉಳಿದಿದ್ದು ಬಳಿದು ಕೊಟ್ಟಿದೀರಾ ಅಂದದ್ದು ಮೆಟ್ಟಿಲಿನಿಂದ ಕೇಳಿಸಿತು. ನಾವು ಮೂವರೂ ಮೆಟ್ಟಿಲ ಬುಡದಲ್ಲಿ ನಿಂತೆವು. ಮೊದಲು ಅಕ್ಕನ ದನಿಯೇ ಕೇಳುತ್ತಿತ್ತು. ಆಮೇಲೆ ಬರೇ ಹೂಂ, ಹೂಂ ಅನ್ನುವುದು ಕೇಳಿಸಿತು. ಕೊನೆಗೆ ಯಾರೋ ನಕ್ಕ ಹಾಗಾಯಿತು. ಅಕ್ಕನೇ ಇರಬೇಕು, ಮೇಲೆ ಬೇರೆ ಯಾರೂ ಇರಲಿಲ್ಲ.

ಇಪ್ಪತ್ತೈದು ನಿಮಿಷದ ಮೇಲೆ ಕೆಳಗಿಳಿದಳು. ಅವಳು ಕೋಪದಲ್ಲೇ ಹೇಳಲು ಪ್ರಯತ್ನಿಸಿದ ವಿಷಯ ಇದು. ನಮ್ಮ ಮನೆಗೆ ಬರಬೇಕಿದ್ದ ಆ ಭಾನುವಾರ ಬೆಳಿಗ್ಗೆ ಕಂಪನಿಯಿಂದ ಅರುಣನಿಗೆ ಫೋನ್ ಬಂದಿತ್ತಂತೆ. ಯಾರೋ ಪೈಲಟ್‌ಗೆ ಹುಷಾರಿಲ್ಲ, ದೆಹಲಿಗೆ ಹೋಗಿ ಬಾ ಅಂತ. ವಾರದ ರಜೆಯಲ್ಲಿ ಹಾರಿದರೆ ಗಂಟೆಗೆ ಒಂದೂವರೆ ಪಟ್ಟು. ಹೋಗಿ ಬರಲು ಐದೂವರೆ ಗಂಟೆ. ಅರುಣ ಆಗುವುದಿಲ್ಲ ಅಂದುಬಿಟ್ಟರಂತೆ. ಫೋಟೋ ನೋಡಿದ ಮೇಲೆ ಆ ದಿನ ಬಿಡಲು ಮನಸ್ಸಾಗಲಿಲ್ಲವಂತೆ.

"ಇದು ನಿನ್ನ ಲೆಕ್ಕದಲ್ಲಿ ಎಲ್ಲೋ ಇದೆ?"

"ಹಾರದೇ ಇದ್ದಿದ್ದು ಚೀಟಿಯಲ್ಲಿ ಬರಲ್ಲ ಅಕ್ಕ."

"ಬರ್ಕೋ."

ಬರೆದೆ. ಇಪ್ಪತ್ತು ಸಾವಿರದ ಆರುನೂರ ಇಪ್ಪತ್ತೈದು. ನಾಲ್ಕು ಹುಡುಗಿಯರನ್ನು ಕೂಡಿಸಿದರೂ ಹತ್ತೊಂಬತ್ತು ಸಾವಿರದ ಮುನ್ನೂರ ಐವತ್ತನಾಲ್ಕು ರೂಪಾಯಿ ಎಂಬತ್ತನಾಲ್ಕು ಪೈಸೆಯೇ ಆಗುತ್ತದೆ ಎಂದೂ ತೋರಿಸಿದೆ. ಅಕ್ಕ ಅದನ್ನು ಇನ್ನೊಂದು ಸಲ ಓದಿಸಿದಳು. ಮಧ್ಯಾಹ್ನ ನನಗೆ ಕೇಳದೆಯೇ ಎರಡು ಸಲ ಸಾರು ಬಿತ್ತು. ಸಂಜೆ ಅಪ್ಪ ತಮ್ಮಣ್ಣನವರಿಗೆ ಫೋನ್ ಮಾಡಿ ನಮ್ಮ ಒಪ್ಪಿಗೆ ತಿಳಿಸಿದರು.

ಸುಖಾಂತ ಅಂದುಕೊಂಡೆ. ಮಂಗಳವಾರ ತಮ್ಮಣ್ಣನವರು ಮತ್ತೆ ಬಂದರು. ಅರುಣ ನನ್ನ ಹನ್ನೊಂದು ಪ್ರಶ್ನೆಗಳನ್ನು ಮನೆಯಲ್ಲಿ ಓದಿ ನಗಿಸಿದ್ದರಂತೆ. ಎಲ್ಲರೂ ನಕ್ಕರು, ಅಣ್ಣಮ್ಮನವರು ನಗಲಿಲ್ಲ.

"ಆ ಯಮ್ಮ ಏನ್ ಹೇಳಿದ್ರು ಅಂದ್ರೆ," ತಮ್ಮಣ್ಣನವರು ನನ್ನನ್ನೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು, "ನಮ್ಮ ಹುಡುಗನ್ನ ಇಷ್ಟು ತೂಗಿ ನೋಡಿದಾರೆ, ಸಂತೋಷ. ಹುಡುಗಿ ತಮ್ಮ ಓದು ಬಿಟ್ಟು ಮನೇಲಿ ಇದಾನಂತಲ್ಲ, ಅವನದೂ ಮೂರು ತಿಂಗಳದ್ದು ಕಳ್ಸಿ, ನಾವೂ ನೋಡ್ತೀವಿ."

ನಾನು ಅಡುಗೆಮನೆ ಕಡೆ ಹೆಜ್ಜೆ ಇಟ್ಟೆ. ಅಪ್ಪ ತೋಳು ಹಿಡಿದು ಕೂರಿಸಿ ನೋಟ್‌ಬುಕ್ ಕೈಗೆ ಕೊಟ್ಟರು. ನಿಯಮ ಅದೇ, ಕದಲಿದ ಹೊತ್ತು ಮಾತ್ರ ಅಂದರು. ಮನೇಲಿ ಇದ್ದು ನನಗೆ ಎಷ್ಟು ಸಹಾಯ ಅಂತ ಅಮ್ಮ ಹೇಳಲು ಬಂದರು. ಅಪ್ಪ ಒಪ್ಪಲಿಲ್ಲ. ನಾನು ಸುಳ್ಳು ಬರೆಯುವವನಲ್ಲ. ಹಾಲು ತಂದದ್ದು, ಗ್ಯಾಸ್ ಬುಕ್ ಮಾಡಿದ್ದು, ಒಂದು ಸಲ ರಾಜಾಜಿನಗರಕ್ಕೆ ಮಿಕ್ಸಿ ರಿಪೇರಿಗೆ ಹೋದದ್ದು, ಎಲ್ಲ ನೆನಪು ಮಾಡಿಕೊಂಡು ನಿಮಿಷ ನಿಮಿಷ ಕೂಡಿದೆ. ಜನವರಿ ಮೂರು ಗಂಟೆ ಇಪ್ಪತ್ತು ನಿಮಿಷ. ಫೆಬ್ರವರಿ ಎರಡು ಗಂಟೆ ನಲವತ್ತೈದು (ತಿಂಗಳು ಚಿಕ್ಕದು). ಮಾರ್ಚ್ ಮೂರು ಗಂಟೆ ಐದು. ಒಟ್ಟು ಒಂಬತ್ತು ಗಂಟೆ ಹತ್ತು ನಿಮಿಷ. ಸಂಬಳದ ಜಾಗದಲ್ಲಿ ಗೆರೆ ಎಳೆದೆ. ಅಪ್ಪ ಕೆಳಗೆ "ಪರಿಶೀಲಿಸಿದೆ" ಎಂದು ಬರೆದು ಸಹಿ ಹಾಕಿದರು.

ಮರುದಿನ ಅಣ್ಣಮ್ಮನವರ ಉತ್ತರ ಬಂತು. ಹುಡುಗಿಯ ತಮ್ಮ ಏನೂ ಮುಚ್ಚಿಟ್ಟಿಲ್ಲ, ಅದು ಮೆಚ್ಚಿಗೆಯಾಯಿತು. ಮದುವೆ ಜುಲೈಯಲ್ಲಿ ಇಟ್ಟುಕೊಳ್ಳೋಣ. ಅಷ್ಟರೊಳಗೆ ಅವನ ಚೀಟಿಯಲ್ಲಿ ಸಂಬಳದ ಜಾಗದ ಆ ಗೆರೆ ಇರಕೂಡದು.

ಅಕ್ಕ ತಡಮಾಡಲಿಲ್ಲ. ಅವಳ ಲ್ಯಾಬಿನಲ್ಲಿ ಬೆಳಗಿನ ಹೊತ್ತು ಮನೆಮನೆಗೆ ಹೋಗಿ ಮೂತ್ರ ಪರೀಕ್ಷೆಯ ಬಾಟಲಿ ತರಲು ಒಬ್ಬರು ಬೇಕಿತ್ತು. ಮನೆಗೆ ಮೂವತ್ತು ರೂಪಾಯಿ. ಪ್ರತಿ ಮನೆಯಲ್ಲೂ ಬೆಲ್ ಒತ್ತಿ, ನನ್ನ ಹೆಸರು ಹೇಳಿ, ಅವರ ಹೆಸರು, ವಯಸ್ಸು, ಖಾಲಿ ಹೊಟ್ಟೆಯೋ ಅಲ್ಲವೋ ಕೇಳಬೇಕು. ದಿನಕ್ಕೆ ಹದಿನೈದು ಮನೆ. ಹದಿನೆಂಟು ವರ್ಷದಲ್ಲಿ ಆಡಬೇಕಿದ್ದ ಮಾತು ಒಂದೇ ವಾರದಲ್ಲಿ ಮುಗಿಯುತ್ತದೆ.

ಸೋಮವಾರ ಬೆಳಿಗ್ಗೆ ಆರಕ್ಕೆ ಹೊರಟೆ. ಏನೇನು ಹೇಳಬೇಕೆಂದು ಅಂಗೈ ಮೇಲೆ ಬರೆದುಕೊಂಡಿದ್ದೆ. ಅಕ್ಕ ಕೊಟ್ಟ ಲಿಸ್ಟಿನಲ್ಲಿ ಮೊದಲ ಮನೆ ನಂದಿನಿ ಲೇಔಟು, ಬರೇ ಡೋರ್ ನಂಬರ್ ಇತ್ತು. ಬೆಲ್ ಒತ್ತಿ, ಕಣ್ಣು ಮುಚ್ಚಿ, ಅಂಗೈ ನೆನಪು ಮಾಡಿಕೊಂಡು ಹೇಳತೊಡಗಿದೆ. ಹೆಸರಿನವರೆಗೂ ಹೇಳಿ ಕಣ್ಣು ಬಿಟ್ಟರೆ, ಬಾಗಿಲಲ್ಲಿ ಬಾಟಲಿ ಹಿಡಿದು ಅಣ್ಣಮ್ಮನವರು ನಿಂತಿದ್ದರು.

"ಆರೂವರೆಗೆ ಬರ್ಬೇಕಿತ್ತು, ನಾಲ್ಕು ನಿಮಿಷ ಲೇಟು," ಎಂದು ಗಡಿಯಾರ ನೋಡಿ ಬಾಟಲಿ ಕೈಗಿಟ್ಟರು. "ಮುಂದೆ ಕೇಳಪ್ಪ, ನನ್ನ ವಯಸ್ಸು ಎಷ್ಟು ಅಂತ."