ಟವೆಲ್ಲಿನ ಕೆಳಗೆ ಮೌನವ್ರತ

“ಇವತ್ತು ಸೂರ್ಯ ಮುಳುಗೋ ತನಕ ನನ್ನ ಬಾಯಿಂದ ಒಂದೇ ಒಂದು ಮಾತು ಬಂದ್ರೆ, ತುಂಗೀನ ಮಾರೋ ಸುದ್ದಿ ಈ ಜನ್ಮದಾಗೆ ಎತ್ತಲ್ಲ!” ಎಂದು ನ್ಯಾಮತಿಯ ಪಂಚಾಕ್ಷರಪ್ಪನವರು ರಾಜಗಾಂಭೀರ್ಯದಿಂದ ಶಪಥ ಮಾಡಿದರು.

ತುಂಗಿ ಅವರ ಮನೆಯ ಹಸು. ಹಾಲು ಲೋಟದಷ್ಟು, ಒದೆ ಬಿಂದಿಗೆಯಷ್ಟು! ಮೊನ್ನೆಯ ಒದೆಗೆ ಯಜಮಾನರ ಸೊಂಟವೇ ಹಿಡಿದುಕೊಂಡಿತ್ತು. ಮಾರಿಬಿಡೋಣ ಎಂದು ಅವರು, ಕೂಡದು ಎಂದು ಹೆಂಡತಿ ಅನ್ನಪೂರ್ಣಮ್ಮ.

“ಸುಮ್ನಿದ್ದು ಗೆದ್ರೆ ನೀವೇ ಹಗ್ಗ ಬಿಚ್ಚಿ ಕೊಡ್ರಿ, ನಾ ಅಡ್ಡ ಬರಲ್ಲ. ಆದ್ರೆ ದನದ ದಲ್ಲಾಳಿ ಸುಮ್ನಿರೋದು ಉಂಟಾ? ನಿದ್ದೆಯಾಗೂ ರೇಟು ಕೇಳ್ತೀರಿ!”

ಈ ಪಂದ್ಯ ನಡೆದದ್ದು ಚನ್ನಗಿರಿಯ ಹಳೇ ಸಾಹುಕಾರರ ಮನೆಯ ಬಾಗಿಲಲ್ಲಿ. ಪಂಚಾಕ್ಷರಪ್ಪನವರ ತಮ್ಮನ ಮಗಳು ರಮ್ಯಶ್ರೀ ಆ ಮನೆಯನ್ನು ರಿಪೇರಿ ಮಾಡಿಸಿ, ಯೋಗ, ಮಸಾಜು, ಹಗಲೆಲ್ಲ ಮೌನ ಇರುವ ಹೋಟೆಲ್ ಮಾಡಿದ್ದಳು. ಅಬ್ಬಾ, ಎಂಥ ಕೆಲಸ! ನೂರು ವರ್ಷದ ತೇಗದ ಕಂಬಗಳು ಮುಖ ನೋಡಿಕೊಳ್ಳುವಷ್ಟು ಮಿರುಗುತ್ತಿದ್ದವು. ಅಂಗಳದ ಒಂದು ಕಲ್ಲನ್ನೂ ಕಿತ್ತಿರಲಿಲ್ಲ. ಕೊಟ್ಟಿಗೆಯೇ ಮಸಾಜಿನ ಕೋಣೆ! ದನ ಮೇವು ತಿನ್ನುತ್ತಿದ್ದ ಗೋದಲಿಯಲ್ಲಿ ನೀರು ತುಂಬಿ ಮಲ್ಲಿಗೆ ತೇಲಿಬಿಟ್ಟಿದ್ದಳು. ಪಂಚಾಕ್ಷರಪ್ಪನವರು ತುಟಿ ಬಿಗಿಹಿಡಿದು ಬರೀ ಕಣ್ಣಲ್ಲೇ ‘ಶಹಬ್ಬಾಸ್’ ಎನ್ನುತ್ತ ಓಡಾಡಿದರು.

ಮಧ್ಯಾಹ್ನ ಅವರನ್ನು ಕೊಟ್ಟಿಗೆಯಲ್ಲಿ ಮಲಗಿಸಿದರು. ಪಕ್ಕದಲ್ಲೇ ಅನ್ನಪೂರ್ಣಮ್ಮ ಬಿಸಿನೀರಿಗೆ ಕಾಲಿಟ್ಟು ಕೂತರು. ಬೆಚ್ಚಗಿನ ಎಣ್ಣೆ ಬಿದ್ದದ್ದೇ ತಡ, ಹಿಡಿದಿದ್ದ ಸೊಂಟ ಸಡಿಲವಾಯಿತು, ಕಣ್ಣಿಗೆ ಜೊಂಪು ಹತ್ತಿತು. ಆಗ ಮಸಾಜಿನವನು ಅವರ ಕೈ ಮೇಲೆ ಟವೆಲ್ ಹೊದಿಸಿ, ಅದರಡಿಯಲ್ಲಿ ಬೆರಳು ಒತ್ತತೊಡಗಿದ.

ಅಲ್ಲೇ ಆದದ್ದು ಎಡವಟ್ಟು! ದನದ ಸಂತೆಯಲ್ಲಿ ರೇಟು ಮಾತಾಡುವುದೇ ಹೀಗೆ: ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ. ಬೆರಳು ಹೆಚ್ಚಿದಷ್ಟೂ ರೇಟು ಹೆಚ್ಚು, ಕೈ ಕೊಡವಿದರೆ ಒಪ್ಪಿಲ್ಲವೆಂದು, ಅಂಗೈ ಅಮುಕಿದರೆ ವ್ಯಾಪಾರ ಮುಗಿಯಿತೆಂದು ಲೆಕ್ಕ. ಅರೆನಿದ್ದೆಯ ದಲ್ಲಾಳಿಗೆ ಯಾರೋ ತುಂಗಿಯನ್ನು ಕೇಳಿದಂತಾಯಿತು. ಅವನು ಎರಡು ಬೆರಳು ಹಿಡಿದ. ಇವರು ಕೈ ಕೊಡವಿದರು. ನರ ಬಿಗಿದಿರಬೇಕೆಂದು ಪಾಪ ಅವನು ಮೂರು ಒತ್ತಿದ, ಮತ್ತೆ ಕೊಡವಿದರು. ಕೊನೆಗೆ ಐದೂ ಬೆರಳು ಸೇರಿಸಿ ಅಂಗೈಯನ್ನೇ ಅಮುಕಿಬಿಟ್ಟ. ಇನ್ನೇನು, ವ್ಯಾಪಾರ ಕುದುರಿಯೇಹೋಯಿತು!

ಪಂಚಾಕ್ಷರಪ್ಪನವರು ದಡಬಡಿಸಿ ಎದ್ದು ಕೂತರು.

“ಬಿಡಯ್ಯ ಕೈ! ನೀ ಎಷ್ಟು ಕೊಟ್ರೂ ತುಂಗೀನ ಕೊಡಾಕೆ ಆಗಲ್ಲ!”

ಅಂಗಳದಲ್ಲಿ ಧ್ಯಾನಕ್ಕೆ ಕೂತವರೆಲ್ಲ ಕಣ್ಣು ಬಿಟ್ಟರು. ರಮ್ಯಶ್ರೀ ಓಡಿಬಂದಳು. “ಏನಾತು ದೊಡ್ಡಪ್ಪಾ?”

ದೊಡ್ಡಪ್ಪ ಅದೇ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡರು. ಅನ್ನಪೂರ್ಣಮ್ಮ ನಗು ತಡೆಯಲಾರದೆ ಹೇಳಿದರು:

“ಏನಿಲ್ಲಮ್ಮ. ಇಷ್ಟು ದಿನ ನಾನು ಹೇಳ್ತಿದ್ದ ಮಾತು ಇವತ್ತು ಅವರ ಬಾಯಾಗೆ ಬಂತು, ಅಷ್ಟೇ!”