ಮೂಲ ಜಾಗಕ್ಕೇ ಮರಳಿಸಿದೆ!

ನಮ್ಮ ಕಾಲೇಜಿನ ಸರ್ವರ್‌ಗಳಿಗೆ ಬ್ಯಾಕಪ್ ವ್ಯವಸ್ಥೆ ಆರಿಸುವ ಹೊಣೆಯನ್ನು ಪ್ರಾಚಾರ್ಯರು ನನಗೆ ವಹಿಸಿದ ದಿನ ನಾನು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದೆ. ಅದೇ ಕಾಲೇಜಿನಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ ಸುವರ್ಣಾ ಬಾಗಿಲು ತೆರೆದು ಮುಖ ನೋಡಿದಳು.

“ಅಹೋ, ಏನಾತು? ಪ್ರಮೋಶನ್ನಾ?”

“ಅದಕ್ಕಿಂತ ದೊಡ್ಡದು. ಬ್ಯಾಕಪ್!”

ನಮ್ಮ ಕಾಲೇಜಿರುವ ವಿಶ್ರಾಮಬಾಗ ಬಡಾವಣೆ ಆಗ ದಿನಕ್ಕೊಂದು ಹೊಸ ಕೋಚಿಂಗ್ ಕ್ಲಾಸಿನ ಬೋರ್ಡು ನೇತುಹಾಕಿಕೊಂಡು ಬೆಳೆಯುತ್ತಿತ್ತು. ನಮ್ಮ ಕಾಲೇಜೂ ಹೊಸ ಕೋರ್ಸುಗಳನ್ನು ತೆರೆದು, ಒಂದೇ ದೊಡ್ಡ ಯಂತ್ರದೊಳಗೆ ಆರು ಸರ್ವರ್‌ಗಳನ್ನು ಕೂರಿಸಿಕೊಂಡಿತ್ತು. ಇವಕ್ಕೆ ವರ್ಚುವಲ್ ಮಶೀನ್ ಎನ್ನುತ್ತಾರೆ. ಒಂದೇ ವಾಡೆಯಲ್ಲಿ ಆರು ಬಿಡಾರಗಳಿದ್ದ ಹಾಗೆ. ಒಂದರಲ್ಲಿ ಪ್ರವೇಶದ ಅರ್ಜಿಗಳು, ಒಂದರಲ್ಲಿ ಗ್ರಂಥಾಲಯ, ಇನ್ನೊಂದರಲ್ಲಿ ವಿದ್ಯಾರ್ಥಿಗಳ ಅಂಕಗಳು. ವಾಡೆ ಕುಸಿದರೆ ಆರೂ ಸಂಸಾರ ಬೀದಿಗೆ! ಅದಕ್ಕೇ ಪ್ರತಿಯೊಂದರ ನಕಲು ಬೇರೆ ಕಡೆ ಇರಬೇಕು.

ಮೂರು ಕಂಪನಿಗಳ ವ್ಯವಸ್ಥೆಗಳನ್ನು ತರಿಸಿ ಪರೀಕ್ಷೆಗೆ ಕೂರಿಸಿದೆ. ಇಪ್ಪತ್ತೆರಡು ಕಾಲಂಗಳ ತಖ್ತೆ ಹಾಕಿ ಅಂಕ ಕೊಟ್ಟೆ. ಮೊದಲನೆಯದು ನನಗೆ ಅರ್ಥವಾಗಲಿಲ್ಲ, ಫೇಲು. ಎರಡನೆಯದರ ಪ್ರತಿನಿಧಿ ನನ್ನ ಪ್ರಶ್ನೆಗಳಿಗೆ ನಕ್ಕ, ಅದೂ ಫೇಲು. ಮೂರನೆಯದು ನಕಲು ಮುಗಿದ ಕೂಡಲೇ ಪರದೆಯ ತುಂಬ ಹಸಿರು ಟಿಕ್ ತೋರಿಸುತ್ತಿತ್ತು. ಅಂಥ ಹಸಿರನ್ನು ನಾನು ಕೃಷ್ಣಾ ದಂಡೆಯ ಕಬ್ಬಿನಲ್ಲೂ ಕಂಡಿರಲಿಲ್ಲ. ಪ್ರಥಮ ದರ್ಜೆ!

ಸುವರ್ಣಾ ಮಾತ್ರ ಒಂದು ಪ್ರಶ್ನೆ ಕೇಳಿದಳು. “ನಕಲು ತಗೊಂತೈತಿ, ಖರೆ. ವಾಪಸ್ ಕೊಡತೈತೇನು?”

“ಕೊಡದ ಏನ್ ಮಾಡತೈತಿ?” ಎಂದೆ. ಆದರೆ ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆಯಂತೆ ಚುಚ್ಚತೊಡಗಿತು. ಎಲ್ಲರ ಮುಂದೆಯೇ ವಾಪಸ್ ಕೊಡಿಸಿ ತೋರಿಸಬೇಕೆಂದು ಗುರುವಾರ ಮಧ್ಯಾಹ್ನಕ್ಕೆ ಪ್ರಾತ್ಯಕ್ಷಿಕೆ ಇಟ್ಟೆ. ಅಂಕಗಳ ಸರ್ವರಿನ ಒಂದು ನಕಲನ್ನು ಭಾನುವಾರವೇ ತೆಗೆದಿಟ್ಟಿದ್ದೆ.

ಅದು ಅಂಕ ತುಂಬುವ ವಾರ. ಇತಿಹಾಸದ ಚೌಗುಲೆ ಸರ್ ಮ್ಹೈಸಾಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು. ಅದುವರೆಗೆ ಕಂಪ್ಯೂಟರನ್ನು ಮುಟ್ಟಿದವರಲ್ಲ. ಬೇರೆಯವರಿಂದ ತುಂಬಿಸೋಣ ಎಂದರೆ ಕೇಳಲಿಲ್ಲ.

“ಬ್ಯಾಡೋ ತಮ್ಮಾ. ನನ್ನ ಹುಡುಗರ ಮಾರ್ಕು, ನಾನ ಒತ್ತತೇನಿ.”

ಒಂದೇ ಬೆರಳು. ಸೋಮವಾರದಿಂದ ಗುರುವಾರದವರೆಗೆ! ಪ್ರತಿ ಅಂಕಿಗೂ ಕನ್ನಡಕ ಏರಿಸಿ, ಅಂಕದ ಹಾಳೆ ನೋಡಿ, ಕೀಲಿ ಹುಡುಕಿ ಒತ್ತುತ್ತಿದ್ದರು. ಗುರುವಾರ ಹನ್ನೆರಡಕ್ಕೆ ಕೊನೆಯ ಅಂಕಿ ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಸರ್ ಹೊಸ ಮದುಮಗನಂತೆ ನಾಚಿದರು.

ಮೂರಕ್ಕೆ ನನ್ನ ಪ್ರಾತ್ಯಕ್ಷಿಕೆ. ಪ್ರಾಚಾರ್ಯರು ಮುಂದಿನ ಕುರ್ಚಿಯಲ್ಲಿ, ಸುವರ್ಣಾ ಮತ್ತು ಚೌಗುಲೆ ಸರ್ ಹಿಂದೆ. ಭಾನುವಾರದ ನಕಲನ್ನು ಆರಿಸಿದೆ. ಪರದೆ ಕೇಳಿತು: ಮೂಲ ಜಾಗಕ್ಕೆ ಮರಳಿಸಲೋ, ಹೊಸ ಜಾಗಕ್ಕೋ?

“ತನ್ನ ಮನೆ ಇರುವಾಗ ಪರರ ಮನೆಯೇಕೆ?” ಎಂದು ಸಭೆಗೆ ವಿವರಿಸಿ, ಮೂಲ ಜಾಗವನ್ನು ಒತ್ತಿದೆ. ಕೆಂಪು ಚೌಕಟ್ಟಿನಲ್ಲಿ ನಾಲ್ಕು ಸಾಲು ಬಂತು. ಓದುವುದು ಕಲಿಯುವವರ ಕೆಲಸ, ತಜ್ಞರು ಒತ್ತುತ್ತಾರೆ. ಒತ್ತಿದೆ!

ಹತ್ತು ನಿಮಿಷಕ್ಕೆ ಹಸಿರು ಟಿಕ್. ಚಪ್ಪಾಳೆ. ನಾನು ತಲೆ ಬಾಗಿಸಿ ಸ್ವೀಕರಿಸಿದೆ.

“ತಮ್ಮಾ, ನನ್ನ ಹುಡುಗರ ಮಾರ್ಕು ತೋರಸು, ನೋಡೂಣು,” ಎಂದರು ಚೌಗುಲೆ ಸರ್.

ತೆರೆದೆ. ಹೆಸರುಗಳಿದ್ದವು. ಎದುರಿಗೆ ಏನೂ ಇರಲಿಲ್ಲ. ಎಲ್ಲ ವಿಭಾಗಗಳದ್ದೂ ಅದೇ ಕತೆ. ಭಾನುವಾರದ ಸರ್ವರು ಭಾನುವಾರದ ಖಾಲಿತನದೊಂದಿಗೆ ಬಂದು, ನಾಲ್ಕು ದಿನ ಎಲ್ಲರೂ ತುಂಬಿದ್ದನ್ನು ಅಳಿಸಿ ಕುಳಿತಿತ್ತು.

“ಹೇ ಕಾಯ ಝಾಲಂ?” ಇದೇನಾಯಿತೆಂದು ಕೇಳಿದರು ಪ್ರಾಚಾರ್ಯರು.

“ಸರ್, ವ್ಯವಸ್ಥೆ ಸಂಪೂರ್ಣ ಯಶಸ್ವಿಯಾಗಿ ಕೆಲಸ ಮಾಡಿದೆ,” ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಸುಳ್ಳಲ್ಲ!

ವಿಶ್ವವಿದ್ಯಾಲಯಕ್ಕೆ ಅಂಕ ಕಳಿಸಲು ಸೋಮವಾರ ಕೊನೆಯ ದಿನ. ಹಾಳೆಗಳು ಎಲ್ಲರ ಬಳಿಯೂ ಇದ್ದವು, ಆದರೆ ಮತ್ತೆ ಮೊದಲಿನಿಂದ ತುಂಬಬೇಕು. ಚೌಗುಲೆ ಸರ್ ಕನ್ನಡಕ ತೆಗೆದು ಒರೆಸುತ್ತಿದ್ದರು, ಬಹಳ ಹೊತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

“ಸರ್, ತಪ್ಪಾತ್ರಿ. ನೀವು ಓದ್ರಿ, ನಾನು ಒತ್ತತೇನಿ.”

“ನೀ ಒತ್ತಿದ್ದು ಸಾಕೋ ಮಾರಾಯಾ!” ಎಂದು ಅವರು ನಕ್ಕೇಬಿಟ್ಟರು. “ಈಗ ಯಾವ ಅಂಕಿ ಎಲ್ಲೈತಿ ನನಗ ಗೊತ್ತಾಗೈತಿ. ಮೊದಲ ಸಲ ಅಂಜಿಕೊಂತ ಒತ್ತಿನಿ. ಈ ಸಲ ಮಜಾ ಬರತೈತಿ.”

ಶುಕ್ರವಾರ, ಶನಿವಾರ ಇಡೀ ಕಾಲೇಜು ಮತ್ತೆ ತುಂಬಿತು. ನಾನು ಮೇಜಿನಿಂದ ಮೇಜಿಗೆ ಚಹಾ ಹೊತ್ತೆ. ಸುವರ್ಣಾ ತನ್ನದನ್ನು ಮುಗಿಸಿ ಸರ್ ಪಕ್ಕದಲ್ಲಿ ಕುಳಿತು, ಸಾವಕಾಶವಾಗಿ ಒಂದೊಂದೇ ಅಂಕ ಓದಿ ಹೇಳಿದಳು. ಕೊನೆಯ ಹಾಳೆಯಲ್ಲಿ ಸರ್ ಥಟ್ಟನೆ ಬೆರಳು ನಿಲ್ಲಿಸಿ ನನ್ನನ್ನು ಕರೆದರು.

“ಈ ಹುಡುಗಿ ಲಿಂಗನೂರಿಂದ ಬರತಾಳ. ಹಾಳಿಯೊಳಗ ಹತ್ತೊಂಬತ್ತೈತಿ. ಮೊನ್ನೆ ನಾನು ಹದಿನಾರು ಒತ್ತಿದ್ನಿ, ಈಗ ನೆನಪಾತು. ಪಾಸಿಗೆ ಹದಿನೆಂಟು ಬೇಕು. ಪಾಪ, ಫೇಲ್ ಆಗತಿದ್ಲು. ನೀ ಅಳಿಸಿದ್ದು ಚಲೋ ಆತು.”

ಇದು ನಿಜವೋ, ನನ್ನ ಮುಖ ನೋಡಿ ಅವರಿಗೆ ಆಗಷ್ಟೇ ನೆನಪಾದದ್ದೋ! ಪರೀಕ್ಷಿಸಲು ಸಾಕ್ಷ್ಯವೇ ಇರಲಿಲ್ಲ. ಅದನ್ನು ನಾನೇ ಅಳಿಸಿದ್ದೆ. ಕಣ್ಣು ಮಂಜಾಯಿತು. ಇನ್ನೊಂದು ಕಪ್ ಚಹಾ ತರುತ್ತೇನೆಂದು ಹೊರಗೆ ಓಡಿದೆ.

ಪ್ರಾಚಾರ್ಯರು ಆ ವ್ಯವಸ್ಥೆಯನ್ನು ಒಪ್ಪಿಕೊಂಡರು. ನನ್ನನ್ನು ಒಪ್ಪಿಕೊಂಡ ಸೂಚನೆ ಮಾತ್ರ ಸಿಗಲಿಲ್ಲ. ಮನೆಗೆ ಹೊರಡುವ ಮುಂಚೆ ಸುವರ್ಣಾ ನನ್ನ ಮೇಜಿನ ಬಳಿ ಬಂದು ಕೈ ಚಾಚಿದಳು.

“ಮೌಸ್ ಕೊಡ್ರಿ.”

“ಯಾಕ?”

“ಮಾರ್ಕು ವಿದ್ಯಾಪೀಠಕ್ಕ ಮುಟ್ಟೂತನಾ ನನ್ನ ಕಡೆ ಇರಲಿ.”

ಕೊಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಸೋಮವಾರ ಇಡೀ ದಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾದ ನಾನು ಕೈಕಟ್ಟಿ ಕುಳಿತೆ. ಅಂದು ಕಾಲೇಜಿನ ಒಂದೇ ಒಂದು ಯಂತ್ರವೂ ಕೆಡಲಿಲ್ಲ!