ಮೋತ್ಯಾನ ಯಾವ ಕಾಲು?

ಕಳಂಬೋಲಿಯ ಕಬ್ಬಿಣದ ಅಂಗಡಿಯ ಸಾವಕಾರರೊಬ್ಬರಿಗೆ ಒಂದು ಅಭ್ಯಾಸ: ತಮ್ಮ ನಾಯಿಯ ಕಾಯಿಲೆ ಹೇಳಲು ಅವರಿಗೆ ಬಾಯಿ ಸಾಲದು, ಮೈಯೂ ಬೇಕು. ವಾಂತಿ ಎಂದರೆ ಕತ್ತು ಚಾಚಿ "ಹ್ಯಾಕ್" ಅನ್ನುತ್ತಾರೆ. ತುರಿಕೆ ಎಂದರೆ ಕಾಲನ್ನು ಕಿವಿಯತ್ತ ಒಯ್ಯಲು ನೋಡುತ್ತಾರೆ. ಖಾರಘರದ ನಮ್ಮ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಅಲ್ಲಿ ಕುಂಟುವ ನಾಯಿಗಳ ನಡಿಗೆಯನ್ನು ಫೋನಿನಲ್ಲಿ ವಿಡಿಯೋ ಮಾಡುವುದು ನನ್ನ ಕೆಲಸ. ನನ್ನಂಥ ಮಾತು ಕಡಿಮೆಯವಳಿಗೆ ಹೇಳಿ ಮಾಡಿಸಿದ್ದು. ನಗು ತಡೆಯುವುದೊಂದೇ ಕಷ್ಟ.

ನಡಿಗೆ

ಒಂದು ದಿನ ಅವರು ಲ್ಯಾಬ್ರಡಾರ್ ಮೋತ್ಯಾನನ್ನು ಕರೆತಂದರು. ಮುಂಗಾಲು ಕುಂಟುತ್ತಿದೆ, ಆಪರೇಷನ್ನೇ ಗತಿ ಎಂದು ಅವರ ಹೌಸಿಂಗ್ ಸೊಸೈಟಿಯ ಯಾರೋ ಹೆದರಿಸಿದ್ದರಂತೆ. "ಕಾಲ ಕೊಯ್ಯೂದ್ ಮಾತ್ರ ಬ್ಯಾಡ್ರಿ ಡಾಕ್ಟರ್," ಎಂದು ಕಣ್ಣೊರೆಸಿಕೊಂಡರು.

"ಮೊದಲು ನಡೆಸಿ ಮಾರಾಯ್ರೆ," ಎಂದರು ಉಡುಪಿ ಕಡೆಯ ನಮ್ಮ ಡಾಕ್ಟರ್.

ಮುಂಗಾಲು ನೋಯುವ ನಾಯಿ ಆ ಕಾಲೂರುವಾಗ ತಲೆ ಮೇಲೆತ್ತುತ್ತದೆ. ಮೋತ್ಯಾ ಎತ್ತಲೇ ಇಲ್ಲ, ಮದುಮಗನ ಹಾಗೆ ನಡೆದುಹೋದ.

"ಮನ್ಯಾಗ ಕುಂಟತಾನ್ರಿ, ಖರೇನ! ಹಿಂಗ ನೋಡ್ರಿ." ಸಾವಕಾರರು ನೆಲಕ್ಕೆ ಕೈಯೂರಿ, ನಾಲ್ಕು ಕಾಲಲ್ಲಿ ಕುಂಟಿಯೇ ತೋರಿಸಿದರು. ತಲೆಯೂ ಸರಿಯಾದ ಹೊತ್ತಿಗೆ ಮೇಲೇಳುತ್ತಿತ್ತು. ನಾನು ವಿಡಿಯೋ ನಿಲ್ಲಿಸಿರಲಿಲ್ಲ.

ಡಾಕ್ಟರ್ ಅದನ್ನೂ ಪೂರ್ತಿ ನೋಡಿದರು. "ನಾಯಿಗೆ ಎಂಥದೂ ಇಲ್ಲ. ಇವರಿಗೆ ಎಡಗಡೆ ಸ್ವಲ್ಪ ಉಂಟು."

ತೂಕ

ನೋಯುವ ಕಾಲಿನ ಭಾರವನ್ನು ನಾಯಿ ಉಳಿದ ಕಾಲುಗಳಿಗೆ ದಾಟಿಸುತ್ತದೆ. ಅದನ್ನು ಹಿಡಿಯಲು ಒಂದೊಂದು ಕಾಲಿನ ಕೆಳಗೂ ಒಂದೊಂದು ತೂಕದ ಯಂತ್ರ ಇಟ್ಟೆವು. ಎಡ ಮುಂಗಾಲಿನದ್ದು ಏರುತ್ತಲೇ ಹೋಯಿತು. ಇಡೀ ಮೋತ್ಯಾನಿಗಿಂತ ಆ ಒಂದು ಕಾಲೇ ಭಾರ!

ಬಗ್ಗಿ ನೋಡಿದರೆ, ನಾಯಿಗೆ ಧೈರ್ಯ ಹೇಳುತ್ತ ನಿಂತ ಸಾವಕಾರರ ಪಾದವೂ ಆ ಯಂತ್ರದ ಮೇಲೆ. ನಾನು ಬೆರಳು ತೋರಿಸಿದೆ. ಅವರು ಪಾದ ತೆಗೆದರು; ಎಡಬಲ ಸಮವಾಯಿತು. ಆದರೆ ಅವರಿಗೆ ಸಮಾಧಾನವಿಲ್ಲ.

"ನನ್ನ ಒಂದ ಕಾಲು ಅಷ್ಟ ವಜ್ಜಾ? ನಿಮ್ಮ ಮಷೀನ ಕೆಟ್ಟಾವ್ರಿ. ಕಳಂಬೋಲಿಗೆ ನಡೀರಿ, ಲಾರಿ ತೂಗೂ ಕಾಟಾದ ಮ್ಯಾಲ ಇವನ್ನ ನಿಂದರಸೂಣು."

ಪಾಳಿ

ಸಾವಕಾರರ ಮನೆಯಿಂದ ಎರಡು ವಿಡಿಯೋ ಬಂದವು. ಮೋತ್ಯಾ ನಿಜಕ್ಕೂ ಕುಂಟುತ್ತಿದ್ದ! ಬೆಳಗಿನದರಲ್ಲಿ ಎಡಗಾಲು, ಸಂಜೆಯದರಲ್ಲಿ ಬಲಗಾಲು.

"ಇದೆಂಥದು, ಮಹಾಪೆ ಕಂಪನಿ ಹಾಗೆ ಶಿಫ್ಟ್ ಉಂಟಾ?" ಎಂದು ಡಾಕ್ಟರ್ ಫೋನಿನಲ್ಲಿ ಕೇಳಿದರು.

ಆ ಕಡೆಯಿಂದ ಅಳುದನಿ: "ಹಂಗಾರ ಎರಡೂ ಕಾಲ ಕೊಯ್ತೀರೇನ್ರಿ?"

ಆಯಿ

ಮನೆಗೇ ಹೋಗಿ ನೋಡಲು ಡಾಕ್ಟರ್ ನನ್ನನ್ನು ಕಳಿಸಿದರು. ಸಾವಕಾರರು ಅಂಗಡಿಯಲ್ಲಿದ್ದರು. ಕೋಲೂರಿ, ಎಡಗಾಲು ಕುಂಟುತ್ತ ಬಾಗಿಲು ತೆಗೆದವರು ಅವರ ತಾಯಿ, ಆಯಿ. ಹಿಂದೆ ಮೋತ್ಯಾ, ಅವನದೂ ಎಡಗಾಲು.

"ನನಗ ಮೊಣಕಾಲ ಬ್ಯಾನಿ. ಇವಂಗೂ ಹತ್ತೇತಿ, ಪಾಪ," ಎಂದು ಆಯಿ ಅವನ ಬಾಯಿಗೆ ತುಪ್ಪ ಸವರಿದ ಚಪಾತಿ ಇಟ್ಟರು. ಒಳಗೆ ಹೋಗಿ ನೀರು ತರುವಾಗ ಆಯಿಯದು ಬಲಗಾಲು ಕುಂಟಾಗಿತ್ತು. ಮೋತ್ಯಾನೂ ತಕ್ಷಣ ಬದಲಾಯಿಸಿದ. ಮತ್ತೆ ಚಪಾತಿ.

ನಾನು ವಿಡಿಯೋ ಚಾಲೂ ಮಾಡಿ ಫೋನನ್ನು ಚಪ್ಪಲಿ ಸ್ಟ್ಯಾಂಡಿಗೆ ಒರಗಿಸಿ ಬಾಲ್ಕನಿಗೆ ಹೋದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ತಿರುಗಿ ನೋಡಿದರೆ ಕೋಲು ಕುರ್ಚಿಯ ಮೇಲೆ. ಆಯಿ ಸೀರೆ ಎತ್ತಿ ಹಿಡಿದು ಓಟ, ಹಿಂದೆ ಮೋತ್ಯಾನ ಓಟ. ಯಾವ ಕಾಲೂ ಕುಂಟಲಿಲ್ಲ. ಎಲ್ಲ ವಿಡಿಯೋದಲ್ಲಿ ಬಂತು.

"ಆಯಿ, ಮೋತ್ಯಾನಿಗೆ ಆಪರೇಷನ್ ಬೇಡ. ನಿಮ್ಮನ್ನು ನೋಡಿ ಕುಂಟುತ್ತಾನೆ, ಚಪಾತಿಗೋಸ್ಕರ. ಇದನ್ನು ನಿಮ್ಮ ಮಗನಿಗೆ ತೋರಿಸಬೇಕು," ಎಂದೆ, ಕಷ್ಟಪಟ್ಟು.

ಆಯಿ ದೊಪ್ಪನೆ ಕೂತರು. "ತೋರಿಸಿದ್ರ ನನ್ನ ಡೊಂಬಿವಲಿಗೆ ಕಳಸ್ತಾರ ಯವ್ವಾ. ಸಣ್ಣ ಮಗ ಕರಿಯಾಕತ್ತಾನ. ಅಲ್ಲಿ ಲಿಫ್ಟ್ ಇಲ್ಲ ಅಂತ ಈ ಮೊಣಕಾಲಿನ ನೆಪದ ಮ್ಯಾಲ ಇಲ್ಲಿ ಉಳದೀನಿ. ಇವನ್ನ ಬಿಟ್ಟು ಹ್ಯಾಂಗ ಹೋಗ್ಲಿ?"

ಮೋತ್ಯಾ ಅವರ ಮಡಿಲಲ್ಲಿ ತಲೆಯಿಟ್ಟ. ನನ್ನ ಫೋನು ಟಿಂಗ್ ಎಂದಿತು. ಸಾವಕಾರರ ಮೆಸೇಜು: "ವಿಡಿಯೋ ಕಳಸ ತಂಗಿ, ಜೀವ ಹೋಗಾಕತ್ತೇತಿ."

"ಮತ್ತೊಮ್ಮೆ ತಗೀ. ನಾ ಕುಂಟತೀನಿ, ಅವ ಓಡ್ಲಿ," ಎಂದು ಆಯಿ ಕೋಲು ಹಿಡಿದು ಎದ್ದು, ಒಂದು ಹೆಜ್ಜೆ ಕುಂಟಿದರು. ಮೋತ್ಯಾ ಕೂಡಲೇ ಕಾಲೆತ್ತಿದ.

ಆಯಿ ನನ್ನ ಕೈ ಹಿಡಿದುಕೊಂಡರು. "ನೀ ಕಲತಾಕಿ. ಇವಂಗೊಂದೀಟ ತಿಳಿಸಿ ಹೇಳ ನನ್ನವ್ವಾ, ಮನ್ಯಾಗ ಕುಂಟಾಕ ಒಬ್ಬರ ಸಾಕಂತ."